ದಿನಾ ಸಂಜೆ 5ಕ್ಕೆ ಗೋ ಭಾಷೇಲಿ ಬರೆದ ಸರ್ವಿಸ್ ಬೀಳ್ತಿದೆ, ಮೆಮೊರಿ ಎಲ್ಲಿ ಸೋರ್ತಿದೆ ಅಂತ ಹೇಗೆ ಹುಡುಕೋದು?

ವಾಕಡ್–ಧಾರವಾಡ · ಸೋಮವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ ರೀ. ಮೂರು ವಾರದಿಂದ ಒಂದೇ ಸಮಸ್ಯೆ ತಲಿ ತಿನ್ನಾಕತ್ತೈತಿ. ಪುಣೆದಾಗ ನಮ್ಮದು ಸಣ್ಣ ಕಂಪನಿ. ಇಲ್ಲಿಂದ ಸೋಲಾಪುರ, ಕೊಲ್ಹಾಪುರ, ಬೆಳಗಾವಿ ಕಡೆ ಹೋಗೋ ಲಾರಿಗಳಲ್ಲಿ ಪಾರ್ಸೆಲ್‌ಗೆ ಜಾಗ ಹುಡುಕಿ ಕೊಡೋ ಸರ್ವಿಸ್. ಗಿರಾಕಿ ತೂಕ, ಊರು ಹಾಕಿದ ಕೂಡಲೇ ಮೂರು ಟ್ರಾನ್ಸ್‌ಪೋರ್ಟ್‌ನವರ ಎಪಿಐಗೆ ಒಟ್ಟಿಗೇ ಕೇಳ್ತೀವಿ. ಮೊದಲು ಯಾರು ದರ ಹೇಳ್ತಾರೋ ಅವರದ್ದನ್ನ ತೋರಿಸ್ತೀವಿ. ಇದಕ್ಕೆ ಮೂರು ಗೋರುಟೀನ್ (ಗೋದಾಗ ಒಟ್ಟಿಗೇ ಓಡೋ ಸಣ್ಣ ಕೆಲಸಗಳು), ಅವು ಉತ್ತರ ಕಳಿಸೋ ದಾರಿಯಾಗಿ ಒಂದು ಚಾನೆಲ್, ಅಷ್ಟೇ.

ಬೆಳಿಗ್ಗೆ 9ಕ್ಕೆ ಎಲ್ಲಾ ಚಲೋ ಇರ್ತದ. ಮಧ್ಯಾಹ್ನಕ್ಕೆ ಮೆಮೊರಿ ಗ್ರಾಫ್ ಮೆಟ್ಟಿಲು ಹತ್ತಿದ ಹಂಗ ಹತ್ತುತ್ತದ, ಸಂಜೆ 5ರ ಹೊತ್ತಿಗೆ 1 ಜಿಬಿ ಮುಟ್ಟಿ ಕಂಟೇನರ್ (ಸರ್ವರ್‌ನಾಗ ಸರ್ವಿಸ್ ಓಡೋ ಡಬ್ಬಿ) ಸಾಯ್ತದ, ತಾನೇ ಎದ್ದು ಮತ್ತೆ ಶುರು. ಗಿರಾಕಿಗಳು ಬುಕ್ ಮಾಡೋ ಹೊತ್ತೇ ಅದು. ಮ್ಯಾಪ್‌ಗಳನ್ನ, ಕ್ಯಾಶ್‌ನ ಎಲ್ಲಾ ನೋಡಿದೆ, ಏನೂ ಸಿಗವಲ್ದು. ಗೋ 1.22. ಕಂಪನಿ ಕೋಡ್ ಇಲ್ಲಿ ಅಂಟಿಸಕ್ಕೆ ಬರಂಗಿಲ್ಲ, ಮಾತಲ್ಲೇ ಹೇಳ್ತೀನಿ, ದಯವಿಟ್ಟು ಎಲ್ಲಿಂದ ಶುರು ಮಾಡಲಿ ಹೇಳ್ರಿ.

ಠಾಣೆ–ಹಾಸನ · ಸೋಮವಾರ ರಾತ್ರಿ 11:41

ಸದ್ಯಕ್ಕೆ ಕಂಟೇನರ್‌ಗೆ 2 ಜಿಬಿ ಕೊಟ್ಟು, ಗೋಮೆಮ್‌ಲಿಮಿಟ್ (ಗೋ ಬಳಸೋ ಮೆಮೊರಿಗೆ ಮಿತಿ) ಹಾಕಿ ನೋಡಿ. ಗೋ 1.19ರಿಂದ ಇದೆ. ಮಿತಿ ಹತ್ತಿರ ಬಂದಾಗ ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿ ಗುಡಿಸೋದು) ಜಾಸ್ತಿ ಕೆಲಸ ಮಾಡತ್ತೆ. ನಮ್ಮಲ್ಲಿ ಇದರಿಂದ ತುಂಬಾ ಉಪಯೋಗ ಆಯ್ತು.

ಮಾಟುಂಗಾ–ಉಡುಪಿ · ಮಂಗಳವಾರ ಬೆಳಿಗ್ಗೆ 7:05

ಠಾಣೆಯವರೇ, ಗೋಮೆಮ್‌ಲಿಮಿಟ್ ಒಳ್ಳೆಯದೇ, ಆದ್ರೆ ಇವರ ಕೇಸಿಗೆ ಅದು ಮದ್ದಲ್ಲ. ಹುತ್ತ ಬಡಿದ್ರೆ ಹಾವು ಸಾಯುವುದಿಲ್ಲ. ಯಾರೋ ಹಿಡಿದಿಟ್ಟುಕೊಂಡಿರುವ ಮೆಮೊರಿಯನ್ನು ಕಲೆಕ್ಟರ್ ಎಷ್ಟು ಸಲ ಗುಡಿಸಿದರೂ ಬಿಡಿಸಲಿಕ್ಕೆ ಆಗುವುದಿಲ್ಲ. ಸಿಪಿಯುವಿನ ಅರ್ಧದಷ್ಟು ಅದೇ ತಿಂದು, ಸರ್ವಿಸ್ ಸಾಯುವ ಮೊದಲು ನಿಧಾನವಾಗುತ್ತದೆ, ಅಷ್ಟೇ ವ್ಯತ್ಯಾಸ.

ವಾಕಡ್‌ನವರೇ, ನಿಮ್ಮ ವಿವರಣೆ ಓದಿದಾಗಲೇ ನನಗೆ ಒಂದು ಅನುಮಾನ ಉಂಟು. ಆದ್ರೆ ಅನುಮಾನದ ಮೇಲೆ ಕೋಡ್ ಮುಟ್ಟಬೇಡಿ. ಮೊದಲು ಅಳೆಯಿರಿ. ಪಿಪ್ರಾಫ್ (ಗೋದ್ದೇ ಅಳತೆಯ ಪ್ಯಾಕೇಜ್) ಇಂಪೋರ್ಟ್ ಮಾಡಿ, ಆದ್ರೆ ಹೊರಗಿನವರಿಗೆ ಕಾಣುವ ಪೋರ್ಟಿನಲ್ಲಿ ಅಲ್ಲ. ಆ ಪ್ಯಾಕೇಜ್ ತನ್ನಷ್ಟಕ್ಕೆ ಡೀಫಾಲ್ಟ್ ಮಕ್ಸ್‌ನಲ್ಲಿ (ಬಂದ ರಿಕ್ವೆಸ್ಟ್ ಯಾವ ಕೋಡಿಗೆ ಅಂತ ಹಂಚುವ ಭಾಗ) ಸೇರಿಕೊಳ್ಳುತ್ತದೆ. ನೀವು ಅದೇ ಮಕ್ಸ್ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರೆ ಹಾದಿ ಹೋಕರೆಲ್ಲ ನಿಮ್ಮ ಒಳಗಿನದ್ದು ನೋಡಬಹುದು. ಹಾಗಾಗಿ ಲೋಕಲ್‌ಹೋಸ್ಟ್‌ನಲ್ಲಿ (ಅದೇ ಯಂತ್ರದ ಒಳಗೆ ಮಾತ್ರ) ಬೇರೆಯೇ ಒಂದು ಪೋರ್ಟ್ ಇಟ್ಟು, ಅಲ್ಲಿಗೆ ಪೋರ್ಟ್ ಫಾರ್ವರ್ಡ್ ಮಾಡಿಕೊಳ್ಳಿ.

ಹೀಪ್ ಪ್ರೊಫೈಲ್ (ಮೆಮೊರಿಯ ಪಟ್ಟಿ) ಆಮೇಲೆ. ಮೊದಲು ಗೋರುಟೀನ್ ಪ್ರೊಫೈಲ್ (ಯಾವ ಗೋರುಟೀನ್ ಎಲ್ಲಿ ನಿಂತಿದೆ ಅನ್ನುವ ಪಟ್ಟಿ) ತೆಗೆಯಿರಿ. ಡೀಬಗ್ 1 ಅಂತ ಕೊಟ್ಟರೆ ಒಂದೇ ಜಾಗದಲ್ಲಿ ನಿಂತವರನ್ನೆಲ್ಲ ಗುಂಪು ಮಾಡಿ ಲೆಕ್ಕ ಕೊಡುತ್ತದೆ. ಡೀಬಗ್ 2 ಕೊಟ್ಟರೆ ಒಬ್ಬೊಬ್ಬರದ್ದೂ ಪೂರ್ತಿ ಸ್ಟ್ಯಾಕ್ (ಯಾವ ಫಂಕ್ಷನ್‌ಗಳ ಮೂಲಕ ಅಲ್ಲಿಗೆ ಬಂದರು), ಎಷ್ಟು ನಿಮಿಷದಿಂದ ಕಾಯ್ತಿದ್ದಾರೆ ಅನ್ನುವುದೂ ಬರುತ್ತದೆ. ಎರಡನೆಯದು ತೆಗೆಯುವಾಗ ಇಡೀ ಪ್ರೋಗ್ರಾಂ ಒಂದು ಕ್ಷಣ ನಿಲ್ಲುತ್ತದೆ. ಹಾಗಾಗಿ 1 ನೋಡಿ, ಆಮೇಲೆ 2. ಬೆಳಿಗ್ಗೆ ಒಂದು ಸಲ, ಸಂಜೆ ಬೀಳುವ ಮೊದಲು ಒಂದು ಸಲ.

ವಾಕಡ್–ಧಾರವಾಡ · ಮಂಗಳವಾರ ಸಂಜೆ 5:32

ಸರ್, ಮಾಡಿದೆ. ಬೆಳಿಗ್ಗೆ 9:30ಕ್ಕೆ ಒಟ್ಟು 640 ಗೋರುಟೀನ್. ಸಂಜೆ 4:50ಕ್ಕೆ 40,500! ಅದರಾಗ ಒಂದೇ ಗುಂಪಿನಲ್ಲಿ 40,112. ಎಲ್ಲರೂ ಕೋಡಿನ ಒಂದೇ ಸಾಲಿನ ಮೇಲೆ ನಿಂತಾರ. ಡೀಬಗ್ 2ರಲ್ಲಿ ಒಂದನ್ನ ತೆಗೆದು ನೋಡಿದೆ: «ಚಾನ್ ಸೆಂಡ್, 347 ಮಿನಿಟ್ಸ್» ಅಂತ ಐತಿ. ಅಂದ್ರ ಬೆಳಿಗ್ಗೆ 11 ಗಂಟೆಗೆ ಬಂದಾವ ಇನ್ನೂ ಅಲ್ಲೇ ನಿಂತಾನ. ಆ ಸಾಲು ಯಾವುದು ಅಂದ್ರೆ, ದರ ಬಂದ ಮೇಲೆ ಚಾನೆಲ್‌ಗೆ ಕಳಿಸ್ತೀವಲ್ಲ, ಅದೇ. ಇವತ್ತು 4:50ರ ತನಕ ಸುಮಾರು 20,000 ರಿಕ್ವೆಸ್ಟ್ ಬಂದಿದ್ವು. ಒಂದಕ್ಕೆ ಎರಡರಂತೆ ಲೆಕ್ಕ ಕೂಡ್ತದ.

ಮಾಟುಂಗಾ–ಉಡುಪಿ · ಮಂಗಳವಾರ ರಾತ್ರಿ 9:48

ಅಲ್ಲಿಗೆ ಹಾವು ಸಿಕ್ಕಿತು. ಹೊಸಬರೂ ಓದುತ್ತಿರಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮಾಟುಂಗಾದ ಹೋಟೆಲಿನಲ್ಲಿ ಒಬ್ಬ ಗಿರಾಕಿ ಮೂರು ಮಾಣಿಗಳಿಗೂ ಕಾಫಿ ಹೇಳಿದ ಅಂತ ಇಟ್ಟುಕೊಳ್ಳಿ. ಮೊದಲು ತಂದವನ ಲೋಟ ತಗೊಂಡು, ಕುಡಿದು ಎದ್ದು ಹೋದ. ಉಳಿದ ಇಬ್ಬರು ಕಾಫಿ ಹಿಡಿದುಕೊಂಡು ಆ ಮೇಜಿನ ಹತ್ತಿರ ನಿಂತೇ ಇದ್ದಾರೆ. «ಗಿರಾಕಿ ಕೈಗೇ ಕೊಡಬೇಕು» ಅಂತ ಅವರಿಗೆ ಹೇಳಿದ್ದು ನೀವೇ. ಬಫರ್ ಇಲ್ಲದ ಚಾನೆಲ್ ಅಂದ್ರೆ ಅದೇ: ತಗೊಳ್ಳುವವನು ಕೈ ಚಾಚುವ ತನಕ ಕೊಡುವವನು ಹಂದುವ ಹಾಗಿಲ್ಲ. ಗೋದಲ್ಲಿ ಹಾಗೆ ನಿಂತ ಗೋರುಟೀನನ್ನು ಹೊರಗಿನಿಂದ ಕೊಲ್ಲುವ ಉಪಾಯ ಇಲ್ಲ, ಕಲೆಕ್ಟರ್ ಕೂಡ ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ಗೋರುಟೀನ್ ಹುಟ್ಟುವಾಗ ಸ್ಟ್ಯಾಕ್ ಬರೇ 2 ಕೆಬಿ. «ಗೋರುಟೀನ್ ಅಗ್ಗ, ಎಷ್ಟು ಬೇಕಾದ್ರೂ ಬಿಡಿ» ಅನ್ನುವ ಮಾತು ಅಲ್ಲಿಂದ ಬಂದದ್ದು. ಆದ್ರೆ ನಿಮ್ಮದು ಎಚ್‌ಟಿಟಿಪಿ ಕರೆ ಮಾಡಿ, ಜೇಸನ್ ರೂಪದ ಉತ್ತರ ಬಿಡಿಸಿ ಬಂದ ಗೋರುಟೀನ್. ಸ್ಟ್ಯಾಕ್ ಬೆಳೆದಿರುತ್ತದೆ, ಬಂದ ಉತ್ತರ ಕೈಯಲ್ಲೇ ಇರುತ್ತದೆ. 1 ಜಿಬಿಯನ್ನು 40,000ದಿಂದ ಭಾಗಿಸಿ, ತಲಾ 25 ಕೆಬಿ. ಅಷ್ಟು ಖಂಡಿತ ಆಗುತ್ತದೆ.

ಈಗ ಸರಿ ಮಾಡುವುದು ಹೇಗೆ. ಇವತ್ತು ರಾತ್ರಿಯೇ ಹಾಕಬಹುದಾದದ್ದು: ಚಾನೆಲ್‌ಗೆ 3ರ ಬಫರ್ ಕೊಡಿ. ಕೌಂಟರಿನ ಮೇಲೆ ಮೂರು ಲೋಟ ಇಡುವಷ್ಟು ಜಾಗ ಇದ್ದರೆ ಮಾಣಿ ಇಟ್ಟು ಹೋಗುತ್ತಾನೆ. ಯಾರೂ ಮುಟ್ಟದ ಲೋಟಗಳನ್ನು ಚಾನೆಲ್ ಸಮೇತ ಕಲೆಕ್ಟರ್ ಒಯ್ಯುತ್ತದೆ. ಇದು ಒಂದೇ ಪದದ ಬದಲಾವಣೆ.

ಆದ್ರೆ ಅಷ್ಟಕ್ಕೆ ಬಿಡಬೇಡಿ. ಉತ್ತರ ಸಿಕ್ಕಿದ ಮೇಲೂ ಉಳಿದ ಇಬ್ಬರು ಟ್ರಾನ್ಸ್‌ಪೋರ್ಟ್‌ನವರ ಸರ್ವರಿನ ಮುಂದೆ ಕಾಯುತ್ತಲೇ ಇರುತ್ತಾರೆ. ಹ್ಯಾಂಡ್ಲರ್‌ನ (ರಿಕ್ವೆಸ್ಟ್‌ಗೆ ಉತ್ತರಿಸುವ ಫಂಕ್ಷನ್) ರಿಕ್ವೆಸ್ಟ್‌ನಿಂದ ಕಾಂಟೆಕ್ಸ್ಟ್ (ಕೆಲಸ ಯಾವಾಗ ನಿಲ್ಲಿಸಬೇಕು ಅಂತ ತಿಳಿಸುವ ವಸ್ತು) ತಗೊಂಡು, ಅದಕ್ಕೆ ಟೈಮ್‌ಔಟ್ ಕಟ್ಟಿ, ಕ್ಯಾನ್ಸಲ್ ಅನ್ನು ಡಿಫರ್ ಮಾಡಿ, ಅಂದ್ರೆ ಫಂಕ್ಷನ್ ಮುಗಿಯುವಾಗ ಓಡುವ ಹಾಗೆ ಇಡಿ. ಮೂರೂ ಕರೆಗಳನ್ನು ನ್ಯೂರಿಕ್ವೆಸ್ಟ್‌ವಿತ್‌ಕಾಂಟೆಕ್ಸ್ಟ್‌ನಿಂದ ಕಟ್ಟಿ. ಮೊದಲ ದರ ಬಂದು ನೀವು ಫಂಕ್ಷನ್‌ನಿಂದ ಹೊರಬಿದ್ದ ಕ್ಷಣ ಉಳಿದ ಎರಡೂ ಕರೆ ತಾವಾಗಿ ಕಡಿಯುತ್ತವೆ. ಗಿರಾಕಿ ಬ್ರೌಸರ್ ಮುಚ್ಚಿದರೂ ಕಡಿಯುತ್ತವೆ. ಕಾಂಟೆಕ್ಸ್ಟ್ 2016ರ ಗೋ 1.7ರಲ್ಲೇ ಸ್ಟ್ಯಾಂಡರ್ಡ್ ಲೈಬ್ರರಿಗೆ ಬಂದಿದೆ. ಆದರೂ ಅದನ್ನು ಮೊದಲ ಆರ್ಗ್ಯುಮೆಂಟಾಗಿ ಬರೇ ದಾಟಿಸಿ, ಎಲ್ಲಿಯೂ ಬಳಸದೆ ಬಿಡುವ ಕೋಡ್ ನಾನು ಎಷ್ಟೋ ನೋಡಿದ್ದೇನೆ.

ನಾನು ರಿವ್ಯೂ ಮಾಡುವಾಗ «ಗೋ» ಅನ್ನುವ ಕೀವರ್ಡ್ (ಹೊಸ ಗೋರುಟೀನ್ ಶುರು ಮಾಡುವ ಪದ) ಕಂಡಲ್ಲೆಲ್ಲ ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಮುಗಿಯುವುದು ಯಾವಾಗ, ಮುಗಿಸುವವರು ಯಾರು? ಬರೆದವರಿಗೆ ಒಂದು ವಾಕ್ಯದಲ್ಲಿ ಉತ್ತರ ಹೇಳಲಿಕ್ಕೆ ಆಗದಿದ್ದರೆ ಮರ್ಜ್ ಇಲ್ಲ, ಆ ಕೋಡ್ ಒಳಗೆ ಸೇರುವುದಿಲ್ಲ.

ಖರಾಡಿ–ಕಲಬುರಗಿ · ಮಂಗಳವಾರ ರಾತ್ರಿ 10:30

ಮಾಟುಂಗಾ ಸರ್ ಹೇಳಿದ್ದು ಪೂರ್ತಿ ಖರೆ. ಅದಕ್ಕ ಎರಡು ಮಾತು ಸೇರಿಸ್ತೀನಿ, ಎರಡಕ್ಕೂ ನಾನೇ ಒದ್ದಾಡೀನಿ.

ಒಂದು, ಡಿಫರ್ ಕ್ಯಾನ್ಸಲ್ ಎಲ್ಲಿ ಇಡ್ತೀರಿ ನೋಡ್ಕೋರಿ ತಮ್ಮಾ. ನಾವು ಕರೆ ಮಾಡೋ ಸಣ್ಣ ಫಂಕ್ಷನ್‌ನಾಗೇ ಟೈಮ್‌ಔಟ್ ಕಟ್ಟಿ, ಅಲ್ಲೇ ಡಿಫರ್ ಮಾಡಿ, ರೆಸ್ಪಾನ್ಸ್ ಮಾತ್ರ ಹೊರಗ ಕೊಟ್ಟಿದ್ವಿ. ಹೊರಗ ಬಾಡಿ (ಉತ್ತರದ ಒಳಗಿನ ವಿಷಯ) ಓದಾಕ ಹೋದ್ರ «ಕಾಂಟೆಕ್ಸ್ಟ್ ಕ್ಯಾನ್ಸಲ್ಡ್». ಸಣ್ಣ ಉತ್ತರ ಇದ್ದಾಗ ಒಮ್ಮೊಮ್ಮೆ ಬಫರ್‌ನಾಗೇ ಬಂದು ಕೆಲಸ ಆಗ್ತಿತ್ತು, ದೊಡ್ಡದಿದ್ದಾಗ ಕೈ ಕೊಡ್ತಿತ್ತು. ಅದಕ್ಕೇ ಹಿಡಿಯೋದು ಕಷ್ಟ ಆಯ್ತು. ಕಾಂಟೆಕ್ಸ್ಟ್ ಎಲ್ಲಿ ಕಟ್ಟೀರೋ ಅಲ್ಲೇ ಬಾಡಿ ಪೂರ್ತಿ ಓದಿ, ಮುಚ್ಚಿ, ಬಿಡಿಸಿದ ಸ್ಟ್ರಕ್ಟ್ ಹೊರಗ ಕೊಡ್ರಿ.

ಎರಡು, «ಮೊದಲು ಬಂದ ಉತ್ತರ» ಅಂತೀರಲ್ಲ, ಮೊದಲು ಬಂದದ್ದು ಎರರ್ ಇದ್ರ? ಸರ್ವರ್ ಬಿದ್ದವರು ಎಲ್ಲರಿಗಿಂತ ಬೇಗ ಉತ್ತರ ಕೊಡ್ತಾರ, ಕನೆಕ್ಷನ್ ರೆಫ್ಯೂಸ್ ಆಗಾಕ ಕೆಲವೇ ಮಿಲಿಸೆಕೆಂಡ್ ಸಾಕು. ಯಾರಾದ್ರೂ ಎರ್‌ಗ್ರೂಪ್ (ಗೋರುಟೀನ್ ಗುಂಪನ್ನ ಒಟ್ಟಿಗೆ ನಡೆಸೋ ಪ್ಯಾಕೇಜ್) ಬಳಸ್ರಿ ಅಂತ ಹೇಳೋ ಮೊದಲು ಹೇಳಿಬಿಡ್ತೀನಿ: ಎರ್‌ಗ್ರೂಪ್ ಇದಕ್ಕ ಅಲ್ಲ. ಅದರ ಸ್ವಭಾವ ಉಲ್ಟಾ, ವಿತ್‌ಕಾಂಟೆಕ್ಸ್ಟ್‌ನಿಂದ ಕಟ್ಟಿದ್ರ ಮೊದಲ ಎರರ್ ಬಂದ ತಕ್ಷಣ ಎಲ್ಲರನ್ನೂ ಕ್ಯಾನ್ಸಲ್ ಮಾಡ್ತದ. ಮೂರೂ ಗೆಲ್ಲಲೇಬೇಕು ಅನ್ನೋ ಕೆಲಸಕ್ಕ ಅದು ಭಾಳ ಚಲೋ, ಸೆಟ್‌ಲಿಮಿಟ್ ಇಟ್ಟು ಒಮ್ಮೆಗೆ ಎಷ್ಟು ಓಡಬೇಕು ಅಂತನೂ ಕಟ್ಟಬಹುದು. ನಿಮಗ ಬೇಕಾದದ್ದು ಮೊದಲ ಗೆಲುವು. ಚಾನೆಲ್‌ನಾಗ ದರ, ಎರರ್ ಎರಡೂ ಇರೋ ಸ್ಟ್ರಕ್ಟ್ ಕಳಿಸ್ರಿ, ಮೂರು ಸಲ ತಗೊಳ್ರಿ, ಎರರ್ ಇಲ್ಲದ್ದು ಬಂದ ಕೂಡ್ಲೇ ಹೊರಬೀಳ್ರಿ, ಮೂರೂ ಸೋತ್ರ ಎರರ್ಸ್.ಜಾಯಿನ್‌ನಿಂದ ಒಟ್ಟುಗೂಡಿಸಿ ಕೊಡ್ರಿ. ಅದು 1.20ರಿಂದ ಅದ. ಲಾಗ್‌ನಾಗ ಮೂವರದ್ದೂ ಕಾರಣ ಕಾಣ್ತದ.

ಠಾಣೆ–ಹಾಸನ · ಮಂಗಳವಾರ ರಾತ್ರಿ 10:52

ಗೋಮೆಮ್‌ಲಿಮಿಟ್ ವಿಷಯ ಒಪ್ಕೋತೀನಿ ಸರ್, ನಮ್ಮದು ಸೋರಿಕೆ ಅಲ್ಲ, ನಿಜವಾಗಿಯೂ ಹೊರೆ ಜಾಸ್ತಿ ಇತ್ತು, ಅದಕ್ಕೇ ಅಲ್ಲಿ ಕೆಲಸ ಮಾಡ್ತು.

ವಾಕಡ್‌ನವರು ಎಚ್‌ಟಿಟಿಪಿಯ ಡೀಫಾಲ್ಟ್ ಕ್ಲೈಂಟ್ ಬಳಸ್ತಿದ್ರೆ ಅದಕ್ಕೆ ಟೈಮ್‌ಔಟೇ ಇಲ್ಲ ಅನ್ನೋದು ನೆನಪಿರಲಿ. ಎದುರಿನವರು ಕನೆಕ್ಷನ್ ಹಿಡಿದು ಸುಮ್ಮನೆ ಕೂತರೆ ನೀವೂ ಕೂರಬೇಕು. ಮತ್ತೆ ಒಂದು: ಒಂದು ಹೋಸ್ಟ್‌ಗೆ ಖಾಲಿ ಇಟ್ಟುಕೊಳ್ಳೋ ಕನೆಕ್ಷನ್‌ಗಳು ಡೀಫಾಲ್ಟ್ ಆಗಿ 2 ಮಾತ್ರ. ನೀವು ಮೂರೇ ಹೋಸ್ಟ್‌ಗೆ ದಿನವಿಡೀ ಕರೆ ಮಾಡೋರು, ಒಟ್ಟಿಗೇ ಹೆಚ್ಚು ಕರೆ ಹೋದಾಗ ಮತ್ತೆ ಮತ್ತೆ ಹೊಸ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಕೈಕುಲುಕಾಟ ಆಗ್ತಿರಬಹುದು. ಎಚ್‌ಟಿಟಿಪಿಯ ಟ್ರಾನ್ಸ್‌ಪೋರ್ಟ್ (ಲಾರಿಯವರಲ್ಲ, ಕನೆಕ್ಷನ್ ನೋಡಿಕೊಳ್ಳೋ ಭಾಗ) ಕ್ಲೋನ್ ಮಾಡಿ, ಆ ಮಿತಿಯ ಮ್ಯಾಕ್ಸ್‌ಐಡಲ್‌ಕಾನ್ಸ್‌ಪರ್‌ಹೋಸ್ಟ್ ಏರಿಸಿ. ಕ್ಲೈಂಟ್ ಒಂದೇ ಸಲ ಕಟ್ಟಿ ಎಲ್ಲಾ ಕಡೆ ಬಳಸಿ, ರಿಕ್ವೆಸ್ಟ್‌ಗೊಂದು ಕಟ್ಟಬೇಡಿ.

ವಾಸ್ಕೋ–ಗದಗ · ಬುಧವಾರ ಬೆಳಿಗ್ಗೆ 8:15

ಗೋವಾದಿಂದ ನಮಸ್ಕಾರ. ಇದನ್ನ ಓದಿ ರಾತ್ರಿನೇ ನಮ್ಮ ಕೋಡಿನಲ್ಲೂ ಎಲ್ಲಾ ಕಡೆ ರಿಕ್ವೆಸ್ಟ್ ಕಾಂಟೆಕ್ಸ್ಟ್ ಹಾಕಿದೆ, ಬೆಳಿಗ್ಗೆ ಎಸ್‌ಎಂಎಸ್ ಹೋಗೋದೇ ನಿಂತುಬಿಟ್ಟಿದೆ. ಬುಕಿಂಗ್ ಆದ ಮೇಲೆ «ಗೋ» ಅಂತ ಹಾಕಿ ಹಿಂದಿನಿಂದ ಎಸ್‌ಎಂಎಸ್ ಕಳಿಸ್ತೀವಿ. ಎಲ್ಲಾ ಕ್ಯಾನ್ಸಲ್ಡ್ ಅಂತ ಬರ್ತಿದೆ. ಏನು ತಪ್ಪು?

ಖರಾಡಿ–ಕಲಬುರಗಿ · ಬುಧವಾರ ಬೆಳಿಗ್ಗೆ 8:40

ತಪ್ಪು ಕಾಂಟೆಕ್ಸ್ಟ್‌ದು ಅಲ್ಲ. ಹ್ಯಾಂಡ್ಲರ್ ಮುಗಿದ ಕೂಡ್ಲೇ ರಿಕ್ವೆಸ್ಟ್ ಕಾಂಟೆಕ್ಸ್ಟ್ ಕ್ಯಾನ್ಸಲ್ ಆಗ್ತದ, ಆಗಲೇಬೇಕು. ರಿಕ್ವೆಸ್ಟ್‌ಗಿಂತ ಹೆಚ್ಚು ಹೊತ್ತು ಬದುಕಬೇಕಾದ ಕೆಲಸಕ್ಕ ಕಾಂಟೆಕ್ಸ್ಟ್.ವಿತೌಟ್‌ಕ್ಯಾನ್ಸಲ್ ಬಳಸ್ರಿ, 1.21ರಿಂದ ಅದ. ಟ್ರೇಸ್ ಐಡಿಯಂಥ (ರಿಕ್ವೆಸ್ಟ್‌ನ ಗುರುತು) ಮೌಲ್ಯಗಳು ಉಳೀತಾವ, ಕ್ಯಾನ್ಸಲ್ ಮಾತ್ರ ಬರಂಗಿಲ್ಲ. ಅದರ ಮ್ಯಾಲೆ ನಿಮ್ಮದೇ ಒಂದು ಟೈಮ್‌ಔಟ್ ಕಟ್ರಿ, ಇಲ್ಲಾಂದ್ರ ಮತ್ತ ವಾಕಡ್‌ನವರ ಕತಿನೇ.

ಇದು ಇವತ್ತಿನ ಮದ್ದು. ಆದ್ರ ಆ ಎಸ್‌ಎಂಎಸ್ ಹೋಗಲೇಬೇಕು ಅಂತಿದ್ರ ಗೋರುಟೀನ್ ನಂಬಬ್ಯಾಡ್ರಿ. ಡಿಪ್ಲಾಯ್ ಮಾಡುವಾಗ (ಹೊಸ ಕೋಡ್ ಸರ್ವರಿಗೆ ಹಾಕುವಾಗ) ಪ್ರೋಸೆಸ್ ಸತ್ರ ಅದೂ ಸಾಯ್ತದ, ಯಾರಿಗೂ ಗೊತ್ತಾಗಂಗಿಲ್ಲ. ಬುಕಿಂಗ್ ಬರೆಯೋ ಟ್ರಾನ್ಸಾಕ್ಷನ್‌ನಾಗೇ ಇನ್ನೊಂದು ಟೇಬಲ್‌ಗೆ «ಇದನ್ನ ಕಳಿಸಬೇಕು» ಅಂತ ಒಂದು ಸಾಲು ಬರೀರಿ, ಬೇರೆ ವರ್ಕರ್ ಅದನ್ನ ಓದಿ ಕಳಿಸಲಿ, ಕಳಿಸಿ ಗುರುತು ಹಾಕಲಿ.

ಬೇಲಾಪುರ–ತುಮಕೂರು · ಬುಧವಾರ ಮಧ್ಯಾಹ್ನ 1:10

ನಾನು ಜಾವಾದಿಂದ ಈಗಷ್ಟೇ ಗೋಗೆ ಬಂದಿದ್ದೀನಿ. ಹೊಸ ಪ್ರಾಜೆಕ್ಟ್‌ಗೆ ವೆಬ್ ರೂಟಿಂಗಿಗೆ ಜಿನ್, ಎಕೋ, ಕೈ, ಗೊರಿಲ್ಲಾ, ಡೇಟಾಬೇಸಿಗೆ ಗಾರ್ಮ್ ಅಂತ ಹತ್ತು ಹೆಸರು ಹೇಳ್ತಾರೆ. ಯಾವುದು ಹಿಡಿಯಲಿ ಅಂತ ಹಿರಿಯರು ಹೇಳಿದ್ರೆ ಉಪಕಾರ ಆಗತ್ತೆ.

ಮಾಟುಂಗಾ–ಉಡುಪಿ · ಬುಧವಾರ ರಾತ್ರಿ 10:05

ಮಳೆಗೆ ಲೋಕಲ್ ರೈಲು ನಿಂತು ಈಗಷ್ಟೇ ಮನೆ ಮುಟ್ಟಿದೆ, ಚಿಕ್ಕದಾಗಿ ಬರೆಯುತ್ತೇನೆ.

ರೂಟಿಂಗಿಗೆ ಮೊದಲು ಸ್ಟ್ಯಾಂಡರ್ಡ್ ಲೈಬ್ರರಿಯದ್ದೇ ನೋಡಿ. 2024ರ ಗೋ 1.22ರಿಂದ ಸರ್ವ್‌ಮಕ್ಸ್‌ಗೆ (ಅದರ ರೂಟರ್) ಗೆಟ್, ಪೋಸ್ಟ್ ಮೆಥಡ್ಡೂ, ದಾರಿಯ ನಡುವಿನ ಐಡಿಯೂ ಗೊತ್ತಾಗುತ್ತದೆ. ಗೊರಿಲ್ಲಾ ಹಾಕುತ್ತಿದ್ದ ಮುಕ್ಕಾಲು ಕಾರಣ ಅಲ್ಲಿಗೆ ಹೋಯಿತು. ಗೊರಿಲ್ಲಾ 2022ರ ಡಿಸೆಂಬರ್‌ನಲ್ಲಿ ಆರ್ಕೈವ್ ಆಗಿ (ನಿರ್ವಹಣೆ ನಿಂತು), ಮರುವರ್ಷ ಬೇರೆಯವರು ಕೈಗೆತ್ತಿಕೊಂಡರು. ನಡುವಿನ ತಿಂಗಳುಗಳಲ್ಲಿ ಅದನ್ನೇ ನಂಬಿದ್ದ ನಮಗೆಲ್ಲ ನಿದ್ದೆ ಇರಲಿಲ್ಲ. ಮಿಡಲ್‌ವೇರ್ (ಹ್ಯಾಂಡ್ಲರಿಗೆ ಮೊದಲು ಓಡುವ ಕೋಡ್) ಗುಂಪುಗಳು ಬೇಕಾದರೆ «ಕೈ» ರೂಟರ್ ಬಳಸಿ, ಅದು ಸ್ಟ್ಯಾಂಡರ್ಡ್ ಹ್ಯಾಂಡ್ಲರನ್ನೇ ಬಳಸುತ್ತದೆ, ನಾಳೆ ಕಿತ್ತು ತೆಗೆಯುವುದು ಸುಲಭ. ಜಿನ್ ಕೆಟ್ಟದ್ದಲ್ಲ, ಆದ್ರೆ ಅದರ ಕಾಂಟೆಕ್ಸ್ಟ್ ನಿಮ್ಮ ಕೋಡಿನ ಒಳಗೆಲ್ಲ ಹಬ್ಬುತ್ತದೆ. ಲಾಗಿಂಗಿಗೆ ಸ್ಟ್ಯಾಂಡರ್ಡ್ ಲೈಬ್ರರಿಯದ್ದೇ ಎಸ್‌ಲಾಗ್.

ಡೇಟಾಬೇಸಿಗೆ ನನ್ನ ಆಯ್ಕೆ ಪಿಜಿಎಕ್ಸ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೊತೆ ಮಾತಾಡುವ ಲೈಬ್ರರಿ) ಮತ್ತು ಎಸ್‌ಕ್ಯೂಎಲ್‌ಸಿ. ಎಸ್‌ಕ್ಯೂಎಲ್ ನೀವೇ ಬರೆಯುತ್ತೀರಿ, ಗೋ ಕೋಡನ್ನು ಎಸ್‌ಕ್ಯೂಎಲ್‌ಸಿ ಬರೆಯುತ್ತದೆ. ಕಾಲಂ ಹೆಸರು ತಪ್ಪಿದರೆ ಕೋಡ್ ಜನರೇಟ್ ಮಾಡುವಾಗಲೇ ಬೈಯುತ್ತದೆ. ಗಾರ್ಮ್ ಬಳಸುವವರ ಜೊತೆ ನನ್ನ ಜಗಳ ಇಲ್ಲ, ಆದ್ರೆ ಅದು ನಿಜವಾಗಿ ಯಾವ ಕ್ವೆರಿ ಓಡಿಸುತ್ತಿದೆ ಅಂತ ಲಾಗ್ ಹಾಕಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಮಡಗಾಂವ್–ಕಾರವಾರ · ಗುರುವಾರ ಸಂಜೆ 6:20

ವಿಷಯ ಸ್ವಲ್ಪ ಬೇರೆ, ಆದ್ರೆ ಕನ್ನಡದವರೇ ಇರುವ ಜಾಗದಲ್ಲಿ ಹೇಳದೆ ಇರಲಾರೆ. ಪಾರ್ಸೆಲ್ ಬುಕಿಂಗ್ ಅಂದ್ರಲ್ಲ, ನಮ್ಮದು ರಸೀದಿ ಕೆಲಸ. ಗಿರಾಕಿ ಹೆಸರಿಗೆ 20ರ ಮಿತಿ ಇತ್ತು, ಯಾರೋ ಸ್ಟ್ರಿಂಗನ್ನು ನೇರ 20 ಬೈಟಿಗೆ ಕತ್ತರಿಸಿದ್ದರು. ಮರಾಠಿ, ಕೊಂಕಣಿ, ಕನ್ನಡ ಹೆಸರುಗಳೆಲ್ಲ ಹಾಳು.

«ಮಲ್ಲಿಕಾರ್ಜುನ» ತಗೊಳ್ಳಿ. ಓದುವವರಿಗೆ 5 ಅಕ್ಷರ: ಮ, ಲ್ಲಿ, ಕಾ, ರ್ಜು, ನ. ಗೋಗೆ ಅದು 12 ರೂನ್ (ಯುನಿಕೋಡ್‌ನ ಒಂದೊಂದು ಸಂಕೇತ), 36 ಬೈಟ್. ಕನ್ನಡದ ಒಂದೊಂದು ರೂನ್ 3 ಬೈಟ್. 20ಕ್ಕೆ ಕತ್ತರಿಸಿದರೆ 6 ರೂನ್ ಪೂರ್ತಿ ಬಂದು, ಏಳನೆಯದರ 2 ಬೈಟ್ ಮಾತ್ರ ನೇತಾಡುತ್ತದೆ. «ಮಲ್ಲಿಕ» ಆದ ಮೇಲೆ ಒಂದು ಪ್ರಶ್ನೆ ಚಿಹ್ನೆಯ ಡಬ್ಬಿ. ಪೋಸ್ಟ್‌ಗ್ರೆಸ್ ಅಂಥದ್ದನ್ನು ಒಳಗೇ ಬಿಡುವುದಿಲ್ಲ, ಇನ್‌ಸರ್ಟ್ ಸೋಲುತ್ತದೆ. ರೂನ್ ಲೆಕ್ಕದಲ್ಲಿ ಕತ್ತರಿಸಿದರೆ ಬೈಟ್ ಒಡೆಯುವುದಿಲ್ಲ, ಆದ್ರೆ 3ಕ್ಕೆ ಕತ್ತರಿಸಿದರೆ «ಮಲ್» ಆಗುತ್ತದೆ. ಪದವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆಯುವ ಯುನಿಸೆಗ್ ಲೈಬ್ರರಿ ಇನ್ನೂ ಹತ್ತಿರ ಬರುತ್ತದೆ, ಆದರೂ ಹಲಂತದ ನಂತರ ಒಡೆದು ಮ, ಲ್, ಲಿ, ಕಾ, ರ್, ಜು, ನ ಅಂತ 7 ತುಂಡು ಕೊಡುತ್ತದೆ. ನಾನು ಅದರ ಮೇಲೆ ಒಂದು ಸಣ್ಣ ನಿಯಮ ಹಾಕಿದೆ: ತುಂಡು ಹಲಂತದಲ್ಲಿ ಮುಗಿದರೆ ಮುಂದಿನದಕ್ಕೆ ಅಂಟಿಸು. ಆಗ 5 ಸರಿಯಾಗಿ ಬರುತ್ತದೆ. ಶೂನ್ಯ ಅಗಲದ ನಾನ್‌ಜಾಯಿನರ್ (ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಇದ್ದಲ್ಲಿ ತುಂಡು ಹಲಂತದಲ್ಲಿ ಮುಗಿಯುವುದಿಲ್ಲ, ಹಾಗಾಗಿ ಅಂಟುವುದೂ ಇಲ್ಲ. ಅದೂ ಬೇಕಾದ ಹಾಗೆಯೇ.

ಇನ್ನೊಂದು, ಹುಡುಕಾಟದಲ್ಲಿ ಸಿಕ್ಕಿಬಿದ್ದದ್ದು. ನಮ್ಮ ಪ್ರೋಗ್ರಾಮಿಂಗ್ ಭಾಷೆಯ ಹೆಸರೇ ನೋಡಿ, «ಗೋ». ಓತ್ವದ ಚಿಹ್ನೆ ಒಂದೇ ರೂನ್ ಆಗಿದ್ದರೆ 6 ಬೈಟ್. ಅದೇ ಚಿಹ್ನೆ ಮೂರು ತುಂಡಾಗಿ ಬಂದರೆ 12 ಬೈಟ್. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. «ಗೋಪಾಲ» ಅಂತ ಹುಡುಕಿದರೆ ಅರ್ಧ ಗೋಪಾಲರು ಸಿಗುತ್ತಿರಲಿಲ್ಲ. ಹೆಸರು ಒಳಗೆ ಬರುವಾಗಲೇ ಗೋ ತಂಡದ ಟೆಕ್ಸ್ಟ್ ಮಾಡ್ಯೂಲಿನ ನಾರ್ಮ್ ಪ್ಯಾಕೇಜಿನಿಂದ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿದ ಒಂದೇ ರೂಪ) ಮಾಡಿ ಬರೆಯಿರಿ. ಹುಡುಕುವ ಪದಕ್ಕೂ ಅದನ್ನೇ ಮಾಡಿ.

ಖರಾಡಿ–ಕಲಬುರಗಿ · ಗುರುವಾರ ಸಂಜೆ 7:02

ಕಾರವಾರದವರ, ಆ ಅಂಟಿಸೋ ಫಂಕ್ಷನ್ ಒಂದು ಸಣ್ಣ ಪ್ಯಾಕೇಜ್ ಮಾಡಿ ಎಲ್ಲರಿಗೂ ಬಿಡ್ರಿ ದಯವಿಟ್ಟು. ಟೆಸ್ಟ್ ಬರೆಯೋದು ನನ್ನ ಜವಾಬ್ದಾರಿ. ಕಲಬುರಗಿ, ಬೀದರ ಕಡೆ ಹೆಸರುಗಳ ಒಂದು ಪಟ್ಟಿ ನನ್ನ ಹತ್ರ ಅದ, ಒತ್ತಕ್ಷರ ತುಂಬೇ ಇರ್ತಾವ.

ವಾಕಡ್–ಧಾರವಾಡ · ಶುಕ್ರವಾರ ಸಂಜೆ 5:45

ಎಲ್ಲರಿಗೂ ವರದಿ ಕೊಡಾಕ ಬಂದೆ. ಬುಧವಾರ ಬಫರ್ ಹಾಕಿದೆ, ನಿನ್ನೆ ಕಾಂಟೆಕ್ಸ್ಟ್, ಸ್ವಂತ ಕ್ಲೈಂಟ್, ಖರಾಡಿ ಅಕ್ಕಾ ಹೇಳಿದ ಮೊದಲ ಗೆಲುವಿನ ಲೂಪ್ ಎಲ್ಲಾ ಹೋಯ್ತು. ಇವತ್ತು ಸಂಜೆ 5ಕ್ಕೆ ಗೋರುಟೀನ್ 312. ಮೆಮೊರಿ 90 ಎಂಬಿ ಸುತ್ತಮುತ್ತ ಸಪಾಟ ಐತಿ. ಸಂಜೆ 5ಕ್ಕೆ ಫೋನ್ ಬರಲಿಲ್ಲ, ಮೂರು ವಾರದಾಗ ಇದೇ ಮೊದಲು. ಮನಸ್ಸು ತುಂಬಿ ಧನ್ಯವಾದ.

ಮತ್ತೆ ಹಿಂಗ ಆಗಬಾರದು ಅಂತ ಟೆಸ್ಟ್‌ಮೇನ್‌ನಲ್ಲಿ (ಎಲ್ಲಾ ಟೆಸ್ಟ್ ಓಡಿಸೋ ಫಂಕ್ಷನ್) ಊಬರ್‌ನವರ ಗೋಲೀಕ್ (ಮುಗಿಯದೆ ಉಳಿದ ಗೋರುಟೀನ್ ಹಿಡಿಯೋ ಲೈಬ್ರರಿ) ಹಾಕಿದೆ. ಹಳೇ ಕೋಡ್ ಮೇಲೆ ಓಡಿಸಿದ್ರೆ ಸರಿಯಾಗಿ ಅದೇ ಸಾಲು ಹಿಡಿದು ತೋರಿಸ್ತದ, ಖುಷಿ ಆಯ್ತು. ಆದ್ರೆ ಹೊಸ ಕೋಡ್ ಮೇಲೂ ಎರಡು ಕಡೆ ಬೈತದ: ಒಂದು ಡೇಟಾಬೇಸ್‌ನ ಕನೆಕ್ಷನ್‌ಓಪನರ್, ಇನ್ನೊಂದು ಎಚ್‌ಟಿಟಿಪಿಯ ರೀಡ್‌ಲೂಪ್. ಇವೂ ಸೋರಿಕೇನಾ?

ಮಾಟುಂಗಾ–ಉಡುಪಿ · ಶುಕ್ರವಾರ ರಾತ್ರಿ 9:30

ಬಹಳ ಸಂತೋಷ ಆಯ್ತು.

ಅವೆರಡೂ ಸೋರಿಕೆ ಅಲ್ಲ, ಟೆಸ್ಟ್ ಮುಗಿದ ಮೇಲೆ ನೀವು ಮುಚ್ಚದೆ ಬಿಟ್ಟದ್ದು. ಡೇಟಾಬೇಸ್ ಹ್ಯಾಂಡಲ್ ತೆರೆದ ಕೂಡಲೇ ಕನೆಕ್ಷನ್‌ಓಪನರ್ ಶುರುವಾಗುತ್ತದೆ, ಕ್ಲೋಸ್ ಮಾಡಿದರೆ ಹೋಗುತ್ತದೆ. ರೀಡ್‌ಲೂಪ್ ಅಂದ್ರೆ ಮುಂದಿನ ಕರೆಗೆ ಅಂತ ಖಾಲಿ ಇಟ್ಟುಕೊಂಡ ಕನೆಕ್ಷನ್, ಟೆಸ್ಟಿನ ಕೊನೆಗೆ ಕ್ಲೈಂಟಿನ ಕ್ಲೋಸ್‌ಐಡಲ್‌ಕನೆಕ್ಷನ್ಸ್ ಕರೆಯಿರಿ. ಗೋಲೀಕ್‌ನಲ್ಲಿ ಇಂಥವನ್ನು ಹೆಸರು ಕೊಟ್ಟು ಬಿಡಿ ಅನ್ನುವ ಸೌಲಭ್ಯ ಉಂಟು, ಆದ್ರೆ ಅದು ಬೇಡ. ರೀಡ್‌ಲೂಪನ್ನು ಬಿಟ್ಟುಬಿಟ್ಟರೆ, ನಾಳೆ ಯಾರಾದರೂ ಬಾಡಿ ಮುಚ್ಚಲು ಮರೆತಾಗ ಬರುವುದೂ ಅದೇ ಹೆಸರಿನಲ್ಲಿ. ಆಗ ಟೆಸ್ಟ್ ಬಾಯಿ ಬಿಡುವುದಿಲ್ಲ.

ಟೈಮ್‌ಔಟ್ ಟೆಸ್ಟ್‌ಗಳಲ್ಲಿ ಸ್ಲೀಪ್ ಹಾಕಿದ್ದೀರಿ ಅಂತಾದರೆ, ಗೋ 1.25ಕ್ಕೆ ಏರಿದ ಮೇಲೆ ಟೆಸ್ಟಿಂಗ್‌ನ ಸಿಂಕ್‌ಟೆಸ್ಟ್ ನೋಡಿ. ಅದರ ಒಳಗೆ ಗಡಿಯಾರ ನಕಲಿ, 5 ಸೆಕೆಂಡಿನ ಟೈಮ್‌ಔಟ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಆದ್ರೆ ಅದರೊಳಗೆ ನಿಜವಾದ ನೆಟ್‌ವರ್ಕ್ ಕರೆ ಇಟ್ಟರೆ ಆ ಗಡಿಯಾರ ಮುಂದೆ ಹೋಗುವುದಿಲ್ಲ, ಟ್ರಾನ್ಸ್‌ಪೋರ್ಟ್‌ನವರ ಜಾಗದಲ್ಲಿ ಮೆಮೊರಿಯಲ್ಲೇ ಓಡುವ ನಕಲಿ ಇಡಬೇಕು.

ವಾಕಡ್–ಧಾರವಾಡ · ಶುಕ್ರವಾರ ರಾತ್ರಿ 9:52

ಎರಡೂ ಕ್ಲೋಸ್ ಹಾಕಿದೆ ಸರ್. ಟೆಸ್ಟ್ ಎಲ್ಲಾ ಪಾಸ್, ಹಸಿರು ಬಂತು. ಸಿಂಕ್‌ಟೆಸ್ಟ್ ಸೋಮವಾರ ಹಚ್ಚಿಕೋತೀನಿ.